ಮಧ್ಯಾಹ್ನವಾದರೆ ಸೆನ್ಸರ್‌ಗಳು ತಪ್ಪು ತೋರಿಸುತ್ತವೆ: ದೋಷ ಸೆನ್ಸರ್‌ನದೋ, 24 ವೋಲ್ಟ್ ಸಪ್ಲೈಯದೋ?

ಪ್ರಶ್ನೆ: ಗಿರಣಿಯ ಇನ್‌ಸ್ಟ್ರುಮೆಂಟ್ ತಂತ್ರಜ್ಞ, ಕಾರಟಗಿ

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕಾರಟಗಿ ಸಮೀಪದ ಒಂದು ಅಕ್ಕಿ ಗಿರಣಿಯಲ್ಲಿ ಆರು ವರ್ಷಗಳಿಂದ ವಿದ್ಯುತ್ ಮತ್ತು ಇನ್‌ಸ್ಟ್ರುಮೆಂಟ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಬೇಸಿಗೆ ಬೆಳೆಯ ಭತ್ತ ಬರುತ್ತಿರುವುದರಿಂದ ಗಿರಣಿ ಈಗ ಹಗಲು ರಾತ್ರಿ ಓಡುತ್ತಿದೆ. ಮೂರು ವಾರಗಳಿಂದ ಒಂದು ತೊಂದರೆ ಬಗೆಹರಿಯದೆ ಉಳಿದಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ 24 ವೋಲ್ಟ್, 5 ಆಂಪಿಯರ್‌ನ ಒಂದು ಎಸ್‌ಎಂಪಿಎಸ್ (ಎಸಿ ವಿದ್ಯುತ್ತನ್ನು 24 ವೋಲ್ಟ್ ಡಿಸಿ ಮಾಡಿ ಕೊಡುವ ಸಪ್ಲೈ) ಇದೆ. ಅಲ್ಲಿಂದ ಸುಮಾರು 120 ಮೀಟರ್ ದೂರದಲ್ಲಿ, ಭತ್ತದ ಬಿನ್‌ಗಳ ಕೆಳಗೆ, ಒಂದು ಜಂಕ್ಷನ್ ಬಾಕ್ಸ್ ಇದೆ. ಬಿನ್‌ನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಭತ್ತವನ್ನು ಬೆಲ್ಟಿನ ಬಕೆಟ್‌ಗಳಲ್ಲಿ ಮೇಲಕ್ಕೆ ಎತ್ತುವ ಎಲಿವೇಟರ್‌ನ ವೇಗ ನೋಡುವ ಪ್ರಾಕ್ಸಿಮಿಟಿ ಸೆನ್ಸರ್ ಮತ್ತು ಬಿನ್‌ಗಳ ಗೇಟು ತೆರೆಯುವ, ವಿದ್ಯುತ್ ಕಾಯಿಲ್‌ನಿಂದ ನಡೆಯುವ ಮೂರು ಸೊಲೆನಾಯ್ಡ್ ವಾಲ್ವ್‌ಗಳಿಗೆ ವಿದ್ಯುತ್ ಹೋಗುವುದು ಆ ಬಾಕ್ಸಿನಿಂದಲೇ. ಪ್ಯಾನೆಲ್‌ನಿಂದ ಬಾಕ್ಸಿನವರೆಗೆ ಸಪ್ಲೈಗೆ 0.5 ಚದರ ಮಿಲಿಮೀಟರ್‌ನ ಎರಡು ತಂತಿ ಎಳೆದಿದ್ದಾರೆ. ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ನೇರವಾಗಿ 230 ವೋಲ್ಟ್‌ನಲ್ಲಿ ಓಡುತ್ತದೆ. ಆಪರೇಟರ್ ಪರದೆ, ರಿಲೇಗಳು ಮತ್ತು ಹೊರಗಿನ ಉಪಕರಣಗಳೆಲ್ಲ ಈ 24 ವೋಲ್ಟ್‌ನ ಮೇಲಿವೆ.

ತೊಂದರೆ ಎರಡು ಬಗೆಯದು. ಮೊದಲನೆಯದಾಗಿ, ಗೇಟುಗಳು ತೆರೆದಾಗಲೆಲ್ಲ ಬಿನ್‌ನ ಮಟ್ಟ ಒಮ್ಮೆಲೇ ಮೇಲಕ್ಕೆ ನೆಗೆಯುತ್ತದೆ. ಬಿನ್ ಎಂಟು ಮೀಟರ್ ಎತ್ತರವಿದ್ದು, ಭತ್ತ ಖಾಲಿಯಾಗುತ್ತಿರುವಾಗ ಮಟ್ಟ ಎರಡೂವರೆ ಮೀಟರ್‌ಗಿಂತ ಹೆಚ್ಚು ಏರಿದಂತೆ ತೋರಿಸಿ, ಗೇಟು ಮುಚ್ಚಿದ ಮೇಲೆ ಮತ್ತೆ ಇಳಿಯುತ್ತದೆ. ಎರಡನೆಯದಾಗಿ, ಮಧ್ಯಾಹ್ನ ಎರಡರಿಂದ ಐದು ಗಂಟೆಯ ನಡುವೆ ಎಲಿವೇಟರ್ ನಾಲ್ಕೈದು ಬಾರಿ ಟ್ರಿಪ್ ಆಗುತ್ತದೆ (ತಾನಾಗಿ ನಿಂತುಬಿಡುತ್ತದೆ) ಮತ್ತು ಕಾರಣವಾಗಿ ವೇಗದ ಸಿಗ್ನಲ್ ಇಲ್ಲವೆಂದು ಬರುತ್ತದೆ. ಬೆಲ್ಟನ್ನು ನಾನೇ ನಿಂತು ನೋಡಿದ್ದೇನೆ, ಅದು ಸರಿಯಾಗಿಯೇ ಓಡುತ್ತಿತ್ತು. ಕೆಲವೊಮ್ಮೆ ಅದೇ ಹೊತ್ತಿಗೆ ಆಪರೇಟರ್ ಪರದೆ ಕಪ್ಪಾಗಿ ಮತ್ತೆ ಶುರುವಾಗುವುದೂ ಉಂಟು. ಬೆಳಿಗ್ಗೆ ಮತ್ತು ರಾತ್ರಿ ಟ್ರಿಪ್‌ನ ತೊಂದರೆ ಇಲ್ಲ.

ಭತ್ತದ ಧೂಳು ಕಾರಣವಿರಬೇಕೆಂದು ಅಲ್ಟ್ರಾಸಾನಿಕ್ ಸೆನ್ಸರನ್ನು ಬದಲಿಸಿದೆ, ಪ್ರಾಕ್ಸಿಮಿಟಿ ಸೆನ್ಸರನ್ನೂ ಬದಲಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ. ಎಸ್‌ಎಂಪಿಎಸ್‌ನ ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್ ಹಿಡಿದರೆ ಯಾವಾಗಲೂ 24.1 ವೋಲ್ಟ್ ತೋರಿಸುತ್ತದೆ, ಹಾಗಾಗಿ ಸಪ್ಲೈ ಸರಿಯಿದೆ ಎಂದುಕೊಂಡಿದ್ದೇನೆ. ಭತ್ತ ತುಂಬಿದ ಲಾರಿಗಳು ಸಾಲಾಗಿ ನಿಂತಿರುವುದರಿಂದ, ಸದ್ಯಕ್ಕೆ ಎಲಿವೇಟರ್‌ನ ವೇಗದ ಸೆನ್ಸರನ್ನು ಬೈಪಾಸ್ ಮಾಡಿಬಿಡು, ಅಂದರೆ ಅದರ ಸಿಗ್ನಲ್ ಇಲ್ಲದಿದ್ದರೂ ಎಲಿವೇಟರ್ ಓಡುವಂತೆ ಮಾಡು ಎಂದು ಮೇಲಿನವರು ಒತ್ತಾಯಿಸುತ್ತಿದ್ದಾರೆ. ಹಾಗೆ ಮಾಡಲು ನನಗೆ ಮನಸ್ಸಿಲ್ಲ. ಎಲ್ಲಿಂದ ಹುಡುಕಲು ಶುರು ಮಾಡಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಇನ್‌ಸ್ಟ್ರುಮೆಂಟೇಷನ್ ಎಂಜಿನಿಯರ್, ಬಳ್ಳಾರಿ

ನಮಸ್ಕಾರ. ಎಲ್ಲಕ್ಕಿಂತ ಮೊದಲು, ವೇಗದ ಸೆನ್ಸರನ್ನು ಬೈಪಾಸ್ ಮಾಡಬೇಡಿ. ಬಕೆಟ್ ಎಲಿವೇಟರ್‌ನಲ್ಲಿ ಬೆಲ್ಟ್ ಜಾರಿ ಪುಲ್ಲಿ ಮಾತ್ರ ತಿರುಗುತ್ತಿದ್ದರೆ ಅಲ್ಲಿ ಹುಟ್ಟುವ ಶಾಖ ಬೆಲ್ಟನ್ನೇ ಹೊತ್ತಿಸಬಲ್ಲದು, ಮತ್ತು ಎಲಿವೇಟರ್‌ನ ಮುಚ್ಚಿದ ಉದ್ದನೆಯ ಹೊದಿಕೆಯೊಳಗೆ ತೇಲುವ ಧಾನ್ಯದ ಧೂಳಿಗೆ ಕಿಡಿ ತಗುಲಿದರೆ ಆಗುವುದು ಬೆಂಕಿಯಲ್ಲ, ಸ್ಫೋಟ. ಲಾರಿಗಳು ಅರ್ಧ ದಿನ ಕಾಯಲಿ. ಈ ವಿಷಯದಲ್ಲಿ ನಿಮ್ಮ ಮನಸ್ಸು ಹೇಳಿದ್ದೇ ಸರಿ.

ಈಗ ಮಟ್ಟದ ವಿಷಯಕ್ಕೆ ಬರೋಣ. ಅಲ್ಟ್ರಾಸಾನಿಕ್‌ಗೆ ಧೂಳು ತೊಂದರೆ ಕೊಡುವುದು ನಿಜ, ಆದರೆ ಧೂಳಿನ ತೊಂದರೆ ಗೇಟು ತೆರೆದ ಕ್ಷಣಕ್ಕೆ ಸರಿಯಾಗಿ ಬಂದು, ಮುಚ್ಚಿದ ಕ್ಷಣಕ್ಕೆ ಹೋಗುವುದಿಲ್ಲ. ನೀವು ಬರೆದಿಲ್ಲವಾದರೂ ನಿಮ್ಮ ಸೆನ್ಸರ್ 0 ದಿಂದ 10 ವೋಲ್ಟ್ ಸಿಗ್ನಲ್ ಕೊಡುವಂಥದ್ದಿರಬೇಕು ಎಂದು ನನ್ನ ಊಹೆ. ಹಾಗಿದ್ದರೆ, ವಾಲ್ವ್‌ಗಳ ಕರೆಂಟ್ ಮತ್ತು ಸೆನ್ಸರ್‌ನ ಕರೆಂಟ್ ಎರಡೂ ಒಂದೇ ತೆಳ್ಳಗಿನ ಸೊನ್ನೆ ವೋಲ್ಟ್ (ಋಣ) ತಂತಿಯಲ್ಲಿ ವಾಪಸಾಗುತ್ತಿರುವುದೇ ರೋಗದ ಮೂಲ.

ಲೆಕ್ಕ ಹಾಕಿ ನೋಡಿ. 0.5 ಚದರ ಮಿಲಿಮೀಟರ್‌ನ ಎಳೆ ಎಳೆಯಾದ ತಾಮ್ರದ ತಂತಿಗೆ 20 ಡಿಗ್ರಿಯಲ್ಲಿ ಕಿಲೋಮೀಟರಿಗೆ 39 ಓಮ್ ರೋಧವಿರುತ್ತದೆ. 120 ಮೀಟರಿಗೆ 4.7 ಓಮ್ ಆಯಿತು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು ಏರುವುದರಿಂದ, ನಮ್ಮ ಕಡೆಯ ಬಿಸಿಲಿನಲ್ಲಿ ಕೇಬಲ್ ಟ್ರೇ 50 ಡಿಗ್ರಿಗೆ ಕಾದಾಗ ಅದು 5.2 ಓಮ್ ಆಗುತ್ತದೆ. ಹೋಗುವ ತಂತಿ ಮತ್ತು ಬರುವ ತಂತಿ ಸೇರಿದರೆ 10.4 ಓಮ್. ವಾಲ್ವ್ ಒಂದಕ್ಕೆ 8 ವಾಟ್ ಎಂದು ಹಿಡಿದರೆ ಅದರ ಕಾಯಿಲ್ 72 ಓಮ್, ಮೂರೂ ಒಟ್ಟಿಗೆ ಆನ್ ಆದರೆ 24 ಓಮ್. ಅಂದರೆ 24.1 ವೋಲ್ಟ್ 34.4 ಓಮ್‌ನ ಮೇಲೆ ಬಿದ್ದು 0.7 ಆಂಪಿಯರ್ ಹರಿಯುತ್ತದೆ, ಮತ್ತು ಒಂದೊಂದು ತಂತಿಯಲ್ಲೂ ಸುಮಾರು ಮೂರೂವರೆ ವೋಲ್ಟ್ ಕಳೆದುಹೋಗುತ್ತದೆ.

ಧನ ತಂತಿಯಲ್ಲಿ ಕಳೆದ ವೋಲ್ಟೇಜನ್ನು ಸೆನ್ಸರ್ ಸಹಿಸಿಕೊಳ್ಳುತ್ತದೆ, ಏಕೆಂದರೆ ಇಂಥ ಸೆನ್ಸರ್‌ಗಳಲ್ಲಿ ಬಹುಪಾಲು 10ರಿಂದ 30 ವೋಲ್ಟ್‌ವರೆಗೆ ಕೆಲಸ ಮಾಡುತ್ತವೆ. ಆದರೆ ಸೊನ್ನೆ ತಂತಿಯಲ್ಲಿ ಕಳೆದದ್ದು ಸುಮ್ಮನೆ ಕಳೆದುಹೋಗುವುದಿಲ್ಲ, ಸಿಗ್ನಲ್‌ಗೆ ಸೇರಿಕೊಳ್ಳುತ್ತದೆ. ಸೆನ್ಸರ್ ತನ್ನ ಕಾಲಬುಡದ ಸೊನ್ನೆಯಿಂದ ಅಳೆದು 4 ವೋಲ್ಟ್ ಕೊಡುತ್ತದೆ. ಆ ಕಾಲಬುಡವೇ ಪ್ಯಾನೆಲ್‌ನ ಸೊನ್ನೆಗಿಂತ ಮೂರೂವರೆ ವೋಲ್ಟ್ ಮೇಲೆ ಎದ್ದು ನಿಂತಿದ್ದರೆ ಪಿಎಲ್‌ಸಿ ಏಳೂವರೆ ಎಂದು ಓದುತ್ತದೆ. ಹತ್ತು ವೋಲ್ಟ್‌ಗೆ ಎಂಟು ಮೀಟರ್ ಆದರೆ ಮೂರೂವರೆ ವೋಲ್ಟ್‌ಗೆ 2.8 ಮೀಟರ್. ನೀವು ಹೇಳಿದ ನೆಗೆತ ಹೆಚ್ಚು ಕಡಿಮೆ ಇಷ್ಟೇ ಇದೆ.

ಇದನ್ನು ಊಹೆಯಾಗಿ ಬಿಡದೆ ಅಳೆದು ಖಚಿತಪಡಿಸಿಕೊಳ್ಳಿ. ಕೇಬಲ್‌ನಲ್ಲಿ ಬಳಸದೆ ಬಿಟ್ಟ ಒಂದು ತಂತಿ ಇದ್ದರೆ ಅದರ ಒಂದು ತುದಿಯನ್ನು ಪ್ಯಾನೆಲ್‌ನ ಸೊನ್ನೆ ಟರ್ಮಿನಲ್‌ಗೆ ಹಾಕಿ, ಇನ್ನೊಂದು ತುದಿಯನ್ನು ಜಂಕ್ಷನ್ ಬಾಕ್ಸ್‌ನಲ್ಲಿ ಯಾವುದಕ್ಕೂ ಸೇರಿಸದೆ ಬಿಡಿ. ಮೀಟರ್‌ನ ಒಂದು ಕಡ್ಡಿ ಆ ತಂತಿಗೆ, ಇನ್ನೊಂದು ಬಾಕ್ಸ್‌ನ ಸೊನ್ನೆ ಟರ್ಮಿನಲ್‌ಗೆ. ಮೀಟರ್ ತಾನಾಗಿ ಕರೆಂಟ್ ಎಳೆಯುವುದಿಲ್ಲವಾದ್ದರಿಂದ ಆ ಬಿಡಿ ತಂತಿಯಲ್ಲಿ ಏನೂ ಕಳೆಯುವುದಿಲ್ಲ. ಅದು ಪ್ಯಾನೆಲ್‌ನ ಸೊನ್ನೆಯನ್ನು ಇದ್ದ ಹಾಗೆ 120 ಮೀಟರ್ ಹೊತ್ತು ತರುತ್ತದೆ. ನಂತರ ಒಬ್ಬರಿಗೆ ಗೇಟು ತೆರೆಯಲು ಹೇಳಿ ಮೀಟರ್ ನೋಡಿ. ಅದೇ ಹೊತ್ತಿಗೆ ಬಾಕ್ಸ್‌ನಲ್ಲಿ ಧನ ಮತ್ತು ಸೊನ್ನೆಯ ನಡುವಿನ ವೋಲ್ಟೇಜನ್ನೂ ಬರೆದುಕೊಳ್ಳಿ. ಸಪ್ಲೈ ಸರಿಯಿದೆಯೇ ಎಂಬ ಪ್ರಶ್ನೆಗೆ ಉತ್ತರ ಎಸ್‌ಎಂಪಿಎಸ್‌ನ ಟರ್ಮಿನಲ್‌ನಲ್ಲಿ ಸಿಗುವುದಿಲ್ಲ, ಸೆನ್ಸರ್‌ನ ಟರ್ಮಿನಲ್‌ನಲ್ಲಿ, ಅದೂ ಲೋಡ್ ಇರುವ ಕ್ಷಣದಲ್ಲಿ ಸಿಗುತ್ತದೆ.

ಉತ್ತರ 2: ನಿವೃತ್ತ ನಿರ್ವಹಣಾ ಎಂಜಿನಿಯರ್, ರಾಯಚೂರು

ಬಳ್ಳಾರಿಯವರು ಮಟ್ಟದ ವಿಷಯವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ಎಲಿವೇಟರ್ ಟ್ರಿಪ್‌ನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಅದು ಬೇರೆಯೇ ಕಾಯಿಲೆ ಎಂದು ನನಗೆ ಅನಿಸುತ್ತದೆ. ಎರಡು ಕಾಯಿಲೆ ಒಟ್ಟಿಗೆ ಬಂದಾಗ ಒಂದರ ಔಷಧಿಯಿಂದ ಇನ್ನೊಂದು ವಾಸಿಯಾಗದೆ ನಾವು ಗೊಂದಲಕ್ಕೆ ಬೀಳುತ್ತೇವೆ.

ಆಪರೇಟರ್ ಪರದೆ ಕಪ್ಪಾಗಿ ಮತ್ತೆ ಶುರುವಾಗುತ್ತದೆ ಎಂದು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ಬರಹದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಆ ಸಾಲು. ಪರದೆ ಇರುವುದು ಪ್ಯಾನೆಲ್‌ನಲ್ಲಿ, ಸೆನ್ಸರ್ ಇರುವುದು 120 ಮೀಟರ್ ಆಚೆ. ಅವೆರಡಕ್ಕೂ ಸಮಾನವಾಗಿರುವುದು ಎಸ್‌ಎಂಪಿಎಸ್ ಒಂದೇ. ಎರಡೂ ಒಂದೇ ಹೊತ್ತಿಗೆ ಕಣ್ಣು ಮುಚ್ಚಿದರೆ ದೋಷ ದೂರದ ತಂತಿಯಲ್ಲಿಲ್ಲ, ಮೂಲದಲ್ಲೇ ಇದೆ. 24.1 ವೋಲ್ಟ್ ಕ್ಷಣಕಾಲ ಕಾಣೆಯಾಗಿ ಮರಳುತ್ತಿದೆ, ಮತ್ತು ನೀವು ಮೀಟರ್ ಹಿಡಿದಾಗ ಅದು ಮರಳಿ ಬಂದಿರುತ್ತದೆ. ಮೀಟರ್‌ನಲ್ಲಿ ಕನಿಷ್ಠ ಮತ್ತು ಗರಿಷ್ಠ ಮೌಲ್ಯವನ್ನು ಹಿಡಿದಿಡುವ ಸೌಲಭ್ಯವಿದ್ದರೆ ಅದನ್ನು ಹಾಕಿ, ಮಧ್ಯಾಹ್ನ ಪೂರ್ತಿ ಕಡ್ಡಿಗಳನ್ನು ಟರ್ಮಿನಲ್‌ಗೆ ಕಚ್ಚಿಸಿ ಬಿಟ್ಟುಬಿಡಿ. ಎಸ್‌ಎಂಪಿಎಸ್‌ನಲ್ಲಿ ಔಟ್‌ಪುಟ್ ಸರಿಯಿದೆಯೇ ಎಂದು ತಿಳಿಸುವ ಡಿಸಿ ಓಕೆ ಎಂಬ ರಿಲೇ ಸಂಪರ್ಕವಿದ್ದರೆ ಅದನ್ನು ಪಿಎಲ್‌ಸಿಯ ಒಂದು ಇನ್‌ಪುಟ್‌ಗೆ ತಂದು ಸಮಯದೊಡನೆ ದಾಖಲಿಸಿ. ಬಹಳಷ್ಟು ಪ್ಯಾನೆಲ್‌ಗಳಲ್ಲಿ ಆ ಎರಡು ಟರ್ಮಿನಲ್‌ಗಳು ಖಾಲಿ ಬಿದ್ದಿರುವುದನ್ನು ಕಂಡು ನನಗೆ ಬೇಸರವಾಗುತ್ತದೆ.

ಮಧ್ಯಾಹ್ನವೇ ಏಕೆ? ಎಸ್‌ಎಂಪಿಎಸ್‌ನ ಮೇಲೆ 5 ಆಂಪಿಯರ್ ಎಂದು ಬರೆದಿರುವುದು ಎಲ್ಲ ತಾಪಕ್ಕೂ ಅನ್ವಯಿಸುವುದಿಲ್ಲ. ಸಾಮಾನ್ಯವಾಗಿ 50 ಡಿಗ್ರಿಯವರೆಗೆ, ಕೆಲವದರಲ್ಲಿ 60ರವರೆಗೆ, ಪೂರ್ತಿ ಲೋಡ್ ಕೊಡಬಹುದು. ಅದರ ಮೇಲೆ ಪ್ರತಿ ಡಿಗ್ರಿಗೆ ಶೇಕಡಾ ಎರಡೂವರೆಯಷ್ಟು ಕಡಿಮೆ ಮಾಡಿಕೊಳ್ಳಬೇಕೆಂದು ತಯಾರಕರ ಹಾಳೆಯಲ್ಲೇ ಇರುತ್ತದೆ. ಇಲ್ಲಿ ತಾಪ ಎಂದರೆ ಊರಿನ ತಾಪವಲ್ಲ, ಎಸ್‌ಎಂಪಿಎಸ್‌ನ ಸುತ್ತ ಪ್ಯಾನೆಲ್‌ನೊಳಗೆ ಇರುವ ಗಾಳಿಯ ತಾಪ. ಹೊರಗೆ 42 ಡಿಗ್ರಿ ಇದ್ದು, ಫ್ಯಾನ್‌ನ ಫಿಲ್ಟರ್‌ಗೆ ತೌಡಿನ ಧೂಳು ಮೆತ್ತಿಕೊಂಡಿದ್ದರೆ ಒಳಗೆ 60 ದಾಟುವುದು ಕಷ್ಟವಲ್ಲ. ಈ ಮಿತಿ ದಾಟಿದ ತಕ್ಷಣ ಅದು ಬಿದ್ದುಹೋಗುವುದಿಲ್ಲ. ಒಳಗಿನ ಶಾಖ ನಿಧಾನವಾಗಿ ಏರುತ್ತಾ ಹೋಗಿ ಒಂದು ಹಂತದಲ್ಲಿ ರಕ್ಷಣಾ ಸರ್ಕಿಟ್ ಔಟ್‌ಪುಟ್ ಕತ್ತರಿಸುತ್ತದೆ, ಸ್ವಲ್ಪ ತಣಿದರೆ ಮತ್ತೆ ಕೊಡುತ್ತದೆ. ಹಾಗಾಗಿ ಒಂದು ಥರ್ಮಾಮೀಟರನ್ನು ಎಸ್‌ಎಂಪಿಎಸ್‌ನ ಪಕ್ಕದಲ್ಲೇ ತೂಗುಹಾಕಿ ಬಾಗಿಲು ಮುಚ್ಚಿ, ಗಂಟೆಗೊಮ್ಮೆ ಓದಿ. ಬಾಗಿಲು ತೆರೆದಿಟ್ಟು ಅಳೆದರೆ ನಿಮಗೆ ಬೇಕಾದ ಸಂಖ್ಯೆ ಸಿಗುವುದಿಲ್ಲ.

ಲೋಡ್ ಎಷ್ಟಿದೆ ಎಂಬುದನ್ನೂ ಅಳೆಯಬೇಕು. ಇದಕ್ಕೆ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಬೇಕು. ಮೋಟಾರ್‌ಗೆ ಬಳಸುವ ಸಾಧಾರಣ ಕ್ಲ್ಯಾಂಪ್ ಮೀಟರ್ ಎಸಿ ಮಾತ್ರ ಓದುತ್ತದೆ. ಪ್ಯಾನೆಲ್ ಕಟ್ಟಿದ ದಿನ ಇದ್ದ ಲೋಡ್‌ಗೆ ವರ್ಷ ವರ್ಷವೂ ಒಂದೊಂದು ವಾಲ್ವ್, ಒಂದೊಂದು ರಿಲೇ ಸೇರಿಕೊಂಡಿರುತ್ತದೆ, ಆದರೆ ಎಸ್‌ಎಂಪಿಎಸ್ ಅದೇ ಉಳಿದಿರುತ್ತದೆ.

ಇನ್‌ಪುಟ್ ಕಡೆಯ ಬಗ್ಗೆ ಒಂದು ಮಾತು. ಲೈನ್ ವೋಲ್ಟೇಜ್ 190ಕ್ಕೆ ಇಳಿದರೂ 85ರಿಂದ 264 ವೋಲ್ಟ್ ಸ್ವೀಕರಿಸುವ ಎಸ್‌ಎಂಪಿಎಸ್‌ಗೆ ಅದು ಲೆಕ್ಕಕ್ಕಿಲ್ಲ. ಭಯಪಡಬೇಕಾದದ್ದು ನ್ಯೂಟ್ರಲ್ ಸಡಿಲವಾಗುವುದಕ್ಕೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ವಿತರಣಾ ಬೋರ್ಡಿನ ನ್ಯೂಟ್ರಲ್ ಜೋಡಣೆ ಸುಟ್ಟು, ಕಡಿಮೆ ಲೋಡ್ ಇದ್ದ ಫೇಸ್‌ಗೆ 400 ವೋಲ್ಟ್‌ನ ಹತ್ತಿರ ಬಂದು, ಒಂದೇ ಸಂಜೆ ನಾಲ್ಕು ಎಸ್‌ಎಂಪಿಎಸ್ ಹೋದವು. ಅವುಗಳನ್ನು ಬದಲಿಸಿದ ಮೇಲೆ ಹೊಸದರಲ್ಲೂ ಒಂದು ಹೋಯಿತು, ಏಕೆಂದರೆ ನಾವು ಜೋಡಣೆಯನ್ನು ನೋಡಿರಲಿಲ್ಲ. ಆದ್ದರಿಂದ ಆ ಬೋಲ್ಟ್‌ಗಳನ್ನು ಸಪ್ಲೈ ಆಫ್ ಮಾಡಿ ಒಮ್ಮೆ ಬಿಗಿ ನೋಡಿಬಿಡಿ.

ಪ್ರಶ್ನೆ ಕೇಳಿದವರು, ಕಾರಟಗಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ದಿನ ಅಳೆದು ಬರೆಯುತ್ತಿದ್ದೇನೆ.

ಸೆನ್ಸರ್ 0 ದಿಂದ 10 ವೋಲ್ಟ್‌ನದೇ ಹೌದು. ಬಿಡಿ ತಂತಿಯೊಂದು ಸಿಕ್ಕಿತು. ಗೇಟು ಮುಚ್ಚಿದ್ದಾಗ ಜಂಕ್ಷನ್ ಬಾಕ್ಸ್‌ನಲ್ಲಿ 22.5 ವೋಲ್ಟ್, ಮೂರೂ ಗೇಟು ತೆರೆದಾಗ 15.8 ವೋಲ್ಟ್. ಪ್ಯಾನೆಲ್‌ನ ಸೊನ್ನೆಗೂ ಬಾಕ್ಸ್‌ನ ಸೊನ್ನೆಗೂ ನಡುವೆ ಗೇಟು ಮುಚ್ಚಿದ್ದಾಗ 0.8 ವೋಲ್ಟ್, ತೆರೆದಾಗ 4.1 ವೋಲ್ಟ್. ಮೀಟರ್‌ನ ಅಂಕಿ ಗೇಟಿನ ಟಕ್ ಎಂಬ ಸದ್ದಿನ ಜೊತೆಯಲ್ಲೇ ನೆಗೆಯುವುದನ್ನು ಕಣ್ಣಾರೆ ನೋಡಿದೆ. ಆ 0.8 ವೋಲ್ಟ್ ನೋಡಿದಾಗ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಹಳೆಯ ಆಪರೇಟರ್ ಮೊದಲಿನಿಂದಲೂ ಪರದೆಯಲ್ಲಿ ಬಂದ ಮಟ್ಟದಿಂದ ಎರಡು ಅಡಿ ಕಳೆದು ಲೆಕ್ಕ ಹಿಡಿಯುತ್ತಾರೆ. ಸೆನ್ಸರ್ ಕೂರಿಸುವಾಗ ಅಳತೆ ತಪ್ಪಿರಬೇಕು ಎಂದುಕೊಂಡಿದ್ದೆ. 0.8 ವೋಲ್ಟ್ ಎಂದರೆ 64 ಸೆಂಟಿಮೀಟರ್, ಅದು ಎರಡು ಅಡಿಯೇ.

ಪ್ಯಾನೆಲ್‌ನೊಳಗೆ ಮಧ್ಯಾಹ್ನ ಮೂರು ಗಂಟೆಗೆ 63 ಡಿಗ್ರಿ ಇತ್ತು. ಪ್ಯಾನೆಲ್‌ನ ಬೆನ್ನು ಬಾಯ್ಲರ್ ಕೋಣೆಯ ಗೋಡೆಗೆ ತಾಗಿದೆ, ಫ್ಯಾನ್‌ನ ಫಿಲ್ಟರ್ ಕೈಗೆ ತೆಗೆದುಕೊಂಡರೆ ಹೆಂಚಿನ ಹಾಗೆ ಗಟ್ಟಿಯಾಗಿತ್ತು. ಲೋಡ್ ಗೇಟು ಮುಚ್ಚಿದ್ದಾಗ 3.2 ಆಂಪಿಯರ್, ತೆರೆದಾಗ 3.9. ರಾಯಚೂರಿನವರು ಹೇಳಿದ ಲೆಕ್ಕದಂತೆ 13 ಡಿಗ್ರಿಗೆ ಶೇಕಡಾ 32.5 ಕಳೆದರೆ ಉಳಿಯುವುದು 3.4 ಆಂಪಿಯರ್ ಮಾತ್ರ. ಗೇಟು ಮುಚ್ಚಿದ್ದಾಗ ಮಿತಿಯೊಳಗೆ, ತೆರೆದಾಗ ಮಿತಿಯಾಚೆ. ಮೀಟರ್‌ನ ಕನಿಷ್ಠ ಮೌಲ್ಯ ಮಧ್ಯಾಹ್ನ 3.2 ವೋಲ್ಟ್‌ಗೆ ಇಳಿದಿತ್ತು, ಮತ್ತು ಅದೇ ಅವಧಿಯಲ್ಲಿ ಎಲಿವೇಟರ್ ಎರಡು ಬಾರಿ ಟ್ರಿಪ್ ಆಗಿತ್ತು. ಬಾಗಿಲು ತೆರೆದು ಮೇಜಿನ ಫ್ಯಾನ್ ಹಚ್ಚಿಟ್ಟ ದಿನ ಒಂದೂ ಟ್ರಿಪ್ ಇಲ್ಲ.

ಈಗ ಒಂದು ಸಂದೇಹ. ಎಸ್‌ಎಂಪಿಎಸ್‌ನ ಮುಂದೆ ವೋಲ್ಟೇಜ್ ಹೊಂದಿಸುವ ಸಣ್ಣ ಸ್ಕ್ರೂ ಇದೆ. ಅದನ್ನು 27 ವೋಲ್ಟ್‌ಗೆ ಏರಿಸಿದರೆ ದೂರದ ಬಾಕ್ಸ್‌ಗೂ ಸಾಕಷ್ಟು ವೋಲ್ಟೇಜ್ ಸಿಗುತ್ತದೆ, ಜೊತೆಗೆ ಇನ್ನೊಂದು 5 ಆಂಪಿಯರ್‌ನ ಎಸ್‌ಎಂಪಿಎಸ್ ಸಮಾನಾಂತರವಾಗಿ ಸೇರಿಸಿದರೆ ಲೋಡ್ ಹಂಚಿಹೋಗುತ್ತದೆ ಎಂದು ಒಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ 3: ಕೈಗಾರಿಕಾ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರು, ಸಿಂಧನೂರು

ದಯವಿಟ್ಟು ಎರಡನ್ನೂ ಮಾಡಬೇಡಿ. ಕಾರಣ ಹೇಳುತ್ತೇನೆ.

27 ವೋಲ್ಟ್‌ಗೆ ಏರಿಸಿದರೆ ಸೊನ್ನೆ ತಂತಿಯಲ್ಲಿ ವಾಲ್ವ್‌ಗಳ ಕರೆಂಟ್ ಇನ್ನೂ ಹೆಚ್ಚಾಗುತ್ತದೆ, ಅಂದರೆ ಮಟ್ಟದ ತಪ್ಪು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಪ್ಯಾನೆಲ್‌ನಲ್ಲೇ ಇರುವ ರಿಲೇಗಳ ಕಾಯಿಲ್‌ಗಳಿಗೆ ವೋಲ್ಟೇಜ್ ಶೇಕಡಾ 12.5 ಏರಿದರೆ ಶಾಖ ಶೇಕಡಾ 27 ಏರುತ್ತದೆ, ಏಕೆಂದರೆ ಶಾಖ ವೋಲ್ಟೇಜ್‌ನ ವರ್ಗದಂತೆ ಬೆಳೆಯುತ್ತದೆ. ಈಗಾಗಲೇ 63 ಡಿಗ್ರಿ ಇರುವ ಪೆಟ್ಟಿಗೆಗೆ ಇನ್ನಷ್ಟು ಶಾಖ ಸುರಿದಂತಾಯಿತು. ಇನ್ನು, ಸಮಾನಾಂತರವಾಗಿ ಓಡಿಸಲೆಂದೇ ಮಾಡಿರದ ಎರಡು ಎಸ್‌ಎಂಪಿಎಸ್‌ಗಳನ್ನು ನೇರವಾಗಿ ಕೂಡಿಸಿದರೆ ಲೋಡ್ ಸಮನಾಗಿ ಹಂಚಿಹೋಗುವುದಿಲ್ಲ. ಯಾವುದರ ವೋಲ್ಟೇಜ್ ಕೂದಲೆಳೆಯಷ್ಟು ಹೆಚ್ಚಿದೆಯೋ ಅದೇ ಭಾರವನ್ನೆಲ್ಲ ಹೊರುತ್ತದೆ, ಮತ್ತು ಒಂದರ ಔಟ್‌ಪುಟ್ ಒಳಗೇ ಶಾರ್ಟ್ ಆದರೆ ಇನ್ನೊಂದನ್ನೂ ತನ್ನೊಡನೆ ಕೆಳಗೆಳೆಯುತ್ತದೆ. ನಡುವೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಮಾಡ್ಯೂಲ್ ಹಾಕಿದರೆ ಈ ಎರಡನೆಯ ಅಪಾಯ ತಪ್ಪುತ್ತದೆ, ಆದರೆ ನಿಮಗೆ ಬೇಕಾಗಿರುವುದು ಅದಲ್ಲ.

ನಿಮಗೆ ಬೇಕಾಗಿರುವುದು ಪ್ರತ್ಯೇಕ ತಂತಿ. ವಾಲ್ವ್‌ಗಳಿಗೇ ಒಂದು ಜೋಡಿ 2.5 ಚದರ ಮಿಲಿಮೀಟರ್, ಸೆನ್ಸರ್‌ಗಳಿಗೇ ಇನ್ನೊಂದು ಜೋಡಿ 1.5. ಈ ಎರಡರ ಸೊನ್ನೆಗಳು ಜಂಕ್ಷನ್ ಬಾಕ್ಸ್‌ನಲ್ಲಿ ಎಲ್ಲೂ ಕೂಡಬಾರದು, ಪ್ಯಾನೆಲ್‌ನ ಒಂದೇ ಬಿಂದುವಿನಲ್ಲಿ ಕೂಡಬೇಕು. ಬಾಕ್ಸ್‌ನಲ್ಲಿ ಸೊನ್ನೆಗಳನ್ನು ಕೂಡಿಸುವ ಹಳೆಯ ಜಂಪರ್ ತಂತಿ ಉಳಿದುಬಿಟ್ಟರೆ ಹೊಸ ಕೇಬಲ್ ಎಳೆದ ಶ್ರಮವೆಲ್ಲ ವ್ಯರ್ಥ, ಆದ್ದರಿಂದ ಟರ್ಮಿನಲ್ ಪಟ್ಟಿಯ ಸಂದುಗಳಲ್ಲಿ ಟಾರ್ಚ್ ಹಾಕಿ ಹುಡುಕಿ. 2.5ರ ತಂತಿಗೆ ಕಿಲೋಮೀಟರಿಗೆ ಸುಮಾರು 8 ಓಮ್ ಇರುವುದರಿಂದ ಮೂರೂ ವಾಲ್ವ್ ಆನ್ ಆದಾಗಲೂ ಕಾಯಿಲ್‌ಗಳಿಗೆ 22 ವೋಲ್ಟ್ ಸಿಗುತ್ತದೆ. ಈಗ 15.8 ವೋಲ್ಟ್‌ನಲ್ಲಿ ಅವು ಹೇಗೋ ಎಳೆಯುತ್ತಿವೆ. ಚಳಿಗಾಲದಲ್ಲಿ ಗ್ರೀಸ್ ಗಟ್ಟಿಯಾದರೆ ಒಂದು ದಿನ ಎಳೆಯುವುದಿಲ್ಲ. ಅಲ್ಟ್ರಾಸಾನಿಕ್ ಸೆನ್ಸರ್‌ನಲ್ಲಿ 4ರಿಂದ 20 ಮಿಲಿಆಂಪಿಯರ್ ಔಟ್‌ಪುಟ್ ಆರಿಸಿಕೊಳ್ಳುವ ಅವಕಾಶವಿದ್ದರೆ ಅದಕ್ಕೆ ಬದಲಿಸಿ. ಕರೆಂಟ್ ರೂಪದ ಸಿಗ್ನಲ್‌ಗೆ ಸೊನ್ನೆಯ ಏರಿಳಿತದ ಹಂಗಿಲ್ಲ, ತಂತಿಯ ಉದ್ದಕ್ಕೂ ಅದು ಒಂದೇ ಆಗಿರುತ್ತದೆ.

ವಾಲ್ವ್‌ಗಳ ಕಾಯಿಲ್‌ಗೆ ಅಡ್ಡವಾಗಿ ಡಯೋಡ್ ಇದೆಯೇ ನೋಡಿ. ಇಲ್ಲದಿದ್ದರೆ ಕಾಯಿಲ್ ಆಫ್ ಆಗುವಾಗ ಏಳುವ ಸ್ಪೈಕ್ ನೂರಾರು ವೋಲ್ಟ್ ತಲುಪಬಹುದು, ಪಕ್ಕದ ಸೆನ್ಸರ್‌ಗಳಿಗೆ ಅದು ಹೊಡೆತ. 1ಎನ್4007 ಡಯೋಡ್ ಸಾಕು, ಪಟ್ಟಿ ಇರುವ ತುದಿ ಧನದ ಕಡೆಗೆ ಇರಬೇಕು, ಉಲ್ಟಾ ಹಾಕಿದರೆ ಶಾರ್ಟ್ ಆಗುತ್ತದೆ. ಡಯೋಡ್ ಹಾಕಿದ ವಾಲ್ವ್ ಬಿಡುವಾಗ ತುಸು ತಡಮಾಡುತ್ತದೆ, ಗೇಟಿಗೆ ಅದು ತೊಂದರೆಯಲ್ಲ.

ಇನ್ನೊಂದು ವಿಷಯವನ್ನು ನಾನು ಎಲ್ಲ ಪ್ಯಾನೆಲ್‌ಗಳಲ್ಲೂ ನೋಡುತ್ತೇನೆ. 24 ವೋಲ್ಟ್‌ನ ಇಡೀ ಹಂಚಿಕೆಗೆ 6 ಆಂಪಿಯರ್‌ನ ಒಂದೇ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಹಾಕಿ ಬಿಟ್ಟಿರುತ್ತಾರೆ. ಸಿ ಬಗೆಯ ಎಂಸಿಬಿ ಶಾರ್ಟ್‌ಗೆ ತಕ್ಷಣ ಬೀಳಬೇಕಾದರೆ ತನ್ನ ರೇಟಿಂಗ್‌ನ ಐದರಿಂದ ಹತ್ತು ಪಟ್ಟು ಕರೆಂಟ್ ಬೇಕು, ಡಿಸಿಯಲ್ಲಿ ಇನ್ನೂ ಹೆಚ್ಚು. ಸಣ್ಣ ಎಸ್‌ಎಂಪಿಎಸ್ ತನ್ನ ಮಿತಿ ದಾಟಿ ಅಷ್ಟು ಕರೆಂಟ್ ಕೊಡುವುದೇ ಇಲ್ಲ. ಹಾಗಾಗಿ ಒಂದು ಸೆನ್ಸರ್‌ನ ಕೇಬಲ್ ಇಲಿ ಕಡಿದು ಶಾರ್ಟ್ ಆದರೆ ಎಂಸಿಬಿ ಬೀಳುವುದಿಲ್ಲ, ಎಸ್‌ಎಂಪಿಎಸ್ ಮಿನುಕು ಮಿನುಕು ಎನ್ನುತ್ತಾ ಇಡೀ ಗಿರಣಿ ನಿಲ್ಲುತ್ತದೆ, ಮತ್ತು ಯಾವ ಸೆನ್ಸರ್ ಎಂದು ಹುಡುಕಲು ಅರ್ಧ ದಿನ ಬೇಕು. ಪ್ರತಿ ಕವಲಿಗೂ 1 ಆಂಪಿಯರ್‌ನ ಫ್ಯೂಸ್ ಟರ್ಮಿನಲ್ ಹಾಕಿ, ವಾಲ್ವ್‌ಗಳ ಕವಲಿಗೆ 2.

ಹಳೆಯ ಎಸ್‌ಎಂಪಿಎಸ್‌ನ ಆರೋಗ್ಯದ ಬಗ್ಗೆ ನನ್ನ ಕೆಲಸದ ಮೇಜಿನ ಅನುಭವ ಹೇಳುತ್ತೇನೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಆಯುಷ್ಯ ತಾಪ ಹತ್ತು ಡಿಗ್ರಿ ಏರಿದರೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲ್ಲರೂ ಬಳಸುವ ಅಂದಾಜು. ಒಣಗಿದ ಕೆಪಾಸಿಟರ್ ತಣ್ಣಗಿದ್ದಾಗ ಹೆಚ್ಚು ಕೆಡುಕು ಮಾಡುತ್ತದೆ, ಬಿಸಿಯಾದಂತೆ ಅದರ ಒಳರೋಧ ತುಸು ಇಳಿದು ಸುಧಾರಿಸಿಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ ಮೊದಲ ಸಲ ಆನ್ ಮಾಡುವಾಗ ಒದ್ದಾಡಿ, ಆಮೇಲೆ ಸರಿಹೋಗುವ ಎಸ್‌ಎಂಪಿಎಸ್ ಬಂದರೆ ನಾನು ಮೊದಲು ಕೆಪಾಸಿಟರ್ ನೋಡುತ್ತೇನೆ; ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಬೀಳುವುದಾದರೆ ತಾಪ, ಲೋಡ್ ಅಥವಾ ಸಡಿಲ ಜೋಡಣೆ ನೋಡುತ್ತೇನೆ. ನಿಮ್ಮದು ಎರಡನೆಯ ಬಗೆ. ಆದರೂ 63 ಡಿಗ್ರಿಯಲ್ಲಿ ವರ್ಷಗಟ್ಟಲೆ ಕಳೆದ ಎಸ್‌ಎಂಪಿಎಸ್‌ನ ಕೆಪಾಸಿಟರ್‌ಗಳಲ್ಲಿ ಜೀವ ಹೆಚ್ಚು ಉಳಿದಿರುವುದಿಲ್ಲ. ನೀವೇ ಬಿಚ್ಚಿ ನೋಡುವುದಾದರೆ ಎಚ್ಚರ: 230 ವೋಲ್ಟ್ ಎಸಿ ಒಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೂತಿರುತ್ತದೆ. ರಿಪೇರಿಯೇ ನನ್ನ ಕಸುಬಾದರೂ, ಎಲಿವೇಟರ್‌ನ ಸುರಕ್ಷತೆ ಇದರ ಮೇಲೆ ನಿಂತಿರುವುದರಿಂದ ಹೊಸದನ್ನೇ ಹಾಕಿ ಎನ್ನುತ್ತೇನೆ. 10 ಆಂಪಿಯರ್‌ನದು ಹಾಕಿ. ಅದೇ 63 ಡಿಗ್ರಿಯಲ್ಲೂ ಅದು ಆರೂವರೆ ಆಂಪಿಯರ್‌ಗೆ ಮೇಲ್ಪಟ್ಟು ಕೊಡಬಲ್ಲದು.

ಉತ್ತರ 1ರವರು ಮತ್ತೆ, ಬಳ್ಳಾರಿ

ಸಿಂಧನೂರಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. 10 ಆಂಪಿಯರ್ ಹಾಕಿದೆವೆಂದು ಪ್ಯಾನೆಲ್ ಅನ್ನು ಬಾಯ್ಲರ್ ಗೋಡೆಗೇ ಬಿಡಬೇಡಿ. ಗೋಡೆಯಿಂದ ಒಂದು ಅಡಿ ಈಚೆಗೆ ಎಳೆದು ಕೋನ ಕಬ್ಬಿಣದ ಮೇಲೆ ನಿಲ್ಲಿಸಿದರೂ ಬಹಳ ವ್ಯತ್ಯಾಸವಾಗುತ್ತದೆ. ಎಸ್‌ಎಂಪಿಎಸ್‌ನ ಮೇಲೆ ಮತ್ತು ಕೆಳಗೆ ಗಾಳಿಯಾಡಲು ತಯಾರಕರು ಹೇಳಿದಷ್ಟು ಜಾಗ ಬಿಟ್ಟು, ವೈರಿಂಗ್ ಡಕ್ಟ್ ಅದರ ನೆತ್ತಿಗೆ ತಾಗದಂತೆ ನೋಡಿಕೊಳ್ಳಿ. ಹೊಸ ಕೇಬಲ್ ಎಳೆಯುವಾಗ ಎಲಿವೇಟರ್ ಮೋಟಾರ್‌ನ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಮಲಗಿಸದೆ, ದಾಟಲೇಬೇಕಾದಲ್ಲಿ ಅಡ್ಡವಾಗಿ ಲಂಬ ಕೋನದಲ್ಲಿ ದಾಟಿಸಿ.

ಪ್ರಶ್ನೆ ಕೇಳಿದವರು, ಕಾರಟಗಿ

ಕೆಲಸ ಮುಗಿದು ಹನ್ನೊಂದು ದಿನಗಳಾದ ಮೇಲೆ ಬರೆಯುತ್ತಿದ್ದೇನೆ.

ಎರಡು ಜೋಡಿ ಕೇಬಲ್ ಬೇರೆ ಬೇರೆಯಾಗಿ ಎಳೆದೆವು. ಸಿಂಧನೂರಿನವರು ಎಚ್ಚರಿಸಿದಂತೆ ಜಂಕ್ಷನ್ ಬಾಕ್ಸ್‌ನ ಟರ್ಮಿನಲ್ ಪಟ್ಟಿಯ ಹಿಂದೆ ಕಪ್ಪು ಜಂಪರ್ ಒಂದು ಅಡಗಿತ್ತು; ಅದನ್ನು ಕಿತ್ತ ಮೇಲೆಯೇ ಮಟ್ಟ ಅಲುಗಾಡದೆ ನಿಂತಿತು. ಈಗ ಗೇಟು ತೆರೆದಾಗ ವಾಲ್ವ್‌ಗಳಿಗೆ 22.2 ವೋಲ್ಟ್ ಇದೆ. ಸೆನ್ಸರನ್ನು 4ರಿಂದ 20 ಮಿಲಿಆಂಪಿಯರ್‌ಗೆ ಬದಲಿಸಿದೆ. ಎರಡು ಅಡಿ ಕಳೆಯುವುದನ್ನು ನಿಲ್ಲಿಸಿ ಎಂದು ಆಪರೇಟರ್‌ಗೆ ಹೇಳಿದಾಗ ಅವರು ನಂಬಲಿಲ್ಲ, ಬಿನ್ ಹತ್ತಿ ಹಗ್ಗ ಇಳಿಬಿಟ್ಟು ಅಳೆದು ನೋಡಿದ ಮೇಲೆ ಒಪ್ಪಿದರು.

10 ಆಂಪಿಯರ್‌ನ ಎಸ್‌ಎಂಪಿಎಸ್ ಬಂದಿದೆ, ಡಿಸಿ ಓಕೆ ಸಂಪರ್ಕವನ್ನು ಪಿಎಲ್‌ಸಿಗೆ ಕೊಟ್ಟಿದ್ದೇನೆ, ಕವಲುಗಳಿಗೆ ಫ್ಯೂಸ್ ಹಾಕಿದ್ದೇನೆ. ಪ್ಯಾನೆಲ್ ಅನ್ನು ಗೋಡೆಯಿಂದ ಈಚೆಗೆ ತಂದು ಫಿಲ್ಟರ್ ಬದಲಿಸಿದ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಒಳಗೆ 51 ಡಿಗ್ರಿ ಇರುತ್ತದೆ. ಈ ಹನ್ನೊಂದು ದಿನಗಳಲ್ಲಿ ಎಲಿವೇಟರ್ ಒಮ್ಮೆ ಮಾತ್ರ ಟ್ರಿಪ್ ಆಯಿತು. ಹೋಗಿ ನೋಡಿದರೆ ಬೆಲ್ಟ್ ನಿಜವಾಗಿಯೂ ಜಾರುತ್ತಿತ್ತು, ಕೆಳಗಿನ ಪುಲ್ಲಿಯ ಹತ್ತಿರ ಭತ್ತ ಕಟ್ಟಿಕೊಂಡಿತ್ತು. ಮುಟ್ಟಿದಾಗ ಪುಲ್ಲಿಯ ಹೊದಿಕೆ ಬೆಚ್ಚಗಿತ್ತು.

ಮೊದಲು ಕಿತ್ತಿಟ್ಟಿದ್ದ ಹಳೆಯ ಅಲ್ಟ್ರಾಸಾನಿಕ್ ಮತ್ತು ಪ್ರಾಕ್ಸಿಮಿಟಿ ಸೆನ್ಸರ್‌ಗಳನ್ನು ನಿನ್ನೆ ಮೇಜಿನ ಮೇಲೆ ಜೋಡಿಸಿ ಪರೀಕ್ಷಿಸಿದೆ. ಎರಡೂ ಸರಿಯಿವೆ. ಒರೆಸಿ, ಚೀಟಿ ಅಂಟಿಸಿ, ಬಿಡಿಭಾಗಗಳ ಕಪಾಟಿನಲ್ಲಿ ಇಟ್ಟಿದ್ದೇನೆ.